ಕಚ್ಚಾ ಹೊಲಿಗೆ

ನೋವು ಬಂದಾಗ ನಾನು ಬ್ಯಾಂಕಿನ ಮೇಡಂ ಕೋಟಿಗೆ ಕಾಲರ್ ಕೂರಿಸುತ್ತಿದ್ದೆ. ಹೆಗಲ ಮೂಳೆಗಳ ನಡುವೆ, ಒಳಗೆ, ಯಾರೋ ಬಟ್ಟೆಯ ಎರಡೂ ಅಂಚು ಹಿಡಿದು ಪರ್ರೆಂದು ಹರಿದ ಹಾಗಾಯಿತು. ಬಟ್ಟೆ ಹರಿಯುವುದನ್ನು ಕೇಳಿಕೊಂಡೇ ಬೆಳೆದವಳು ನಾನು, ಮೈಯೊಳಗೆ ಅದು ಕೇಳಿಸಿದಾಗ ಗುರುತು ಸಿಗದೆ ಇರುತ್ತದೆಯೇ? ಕಾಲು ತಾನಾಗಿಯೇ ಪೆಡಲ್ ಬಿಟ್ಟಿತು.

“ಯಾಕೆ ಮೆಷಿನ್ ನಿಲ್ಲಿಸಿದೆ?” ಎಂದಳು ಅಮ್ಮ. ಅವಳು ಕಟಿಂಗ್ ಮೇಜಿನ ಮುಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಳು.

“ಬೆನ್ನು ನೋವು.”

“ಹೊತ್ತು ಮೂಡಿದಾಗಿಂದ ಬಗ್ಗಿ ಕೂತ್ರೆ ಇನ್ನೇನಾಗುತ್ತೆ? ಎದ್ದು ಒಂದು ಲೋಟ ನೀರು ಕುಡಿ.”

ಎದ್ದೆ, ನೀರು ಕುಡಿದೆ. ಹೆದರಿಕೆಯಾಯಿತು. ನೋವಿಗಲ್ಲ, ಆ ನೋವಿನ ಬಗ್ಗೆ ನನಗೆ ಮೊದಲೇ ಗೊತ್ತಿತ್ತು, ಅದಕ್ಕೆ. ಇಂಥದ್ದು ಬಂದರೆ ಒಂದು ನಿಮಿಷವೂ ಕಾಯಬಾರದು ಎಂದು ಒಬ್ಬ ಡಾಕ್ಟರು ನನಗೆ ಹದಿನಾರು ವರ್ಷವಾಗಿದ್ದಾಗಲೇ ಹೇಳಿದ್ದರು. ಆ ಮಾತು ಕೇಳಿದಾಗ ಅಮ್ಮನೂ ಪಕ್ಕದಲ್ಲೇ ಇದ್ದಳು. ಆದರೆ ಅವಳ ಕಿವಿಗೆ ಬಿದ್ದಿರಲಿಲ್ಲ.

ನಮ್ಮ ಬೀದಿಯಲ್ಲಿ ನನ್ನನ್ನು ಕರೆಯುವುದು ಗುಂಡುಸೂಜಿ ಎಂದು. ಟೈಲರ್ ಅಂಗಡಿಯ ಮಗಳು, ಅಷ್ಟೇ ಎತ್ತರ, ಅದಕ್ಕೆ. ಮೆಷಿನ್ ತುಳಿಯಲು ಕಾಲ ಕೆಳಗೆ ಹಲಗೆ ಇಟ್ಟುಕೊಳ್ಳಬೇಕು. ಕುತ್ತಿಗೆ ಅಗಲ, ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಎರಡು ಕಡೆಯೂ ಚರ್ಮ ಇಳಿಬಿದ್ದ ಹಾಗೆ. ಆ ಡಾಕ್ಟರನ್ನು ಬಿಟ್ಟರೆ ಅದನ್ನು ನೋಡಿದವರು ಅಮ್ಮ ಮತ್ತು ತಂಗಿ ಇಬ್ಬರೇ, ಮದುವೆಯಾದ ಮೇಲೂ ದೀಪ ಆರಿಸದೆ ನಾನು ಕಾಲರ್ ಬಿಚ್ಚಿದವಳಲ್ಲ. ಅಮ್ಮ ನನಗೆ ಒಂದು ದಿನವೂ ರೆಡಿಮೇಡ್ ಬಟ್ಟೆ ಹಾಕಿಸಲಿಲ್ಲ. ಕಾಲರ್ ಎತ್ತಿ, ಹೆಗಲಿಗೆ ಒಂದಿಷ್ಟು ಪ್ಯಾಡ್ ಕೊಟ್ಟು, ಮುಂದೆ ನೆರಿಗೆ ಬಿಟ್ಟು, ನೋಡಿದವರು “ನಿನ್ನಮ್ಮನ ಕೈಯೇ ಕೈ” ಎನ್ನಬೇಕು, ಹಾಗೆ ಹೊಲಿಯುತ್ತಿದ್ದಳು. ಅವಳ ಕಸುಬೇ ಅದು. ಯಾರ ಒಂದು ಹೆಗಲು ತಗ್ಗು, ಯಾರ ಎದೆ ಬರೀ ಹತ್ತಿ, ಯಾರಿಗೆ ಬೆನ್ನು ಸೊಟ್ಟ, ಎಲ್ಲ ಅವಳ ಟೇಪಿಗೆ ಗೊತ್ತು. ಗಿರಾಕಿಯ ಮೈಯ ವಿಷಯ ಟ್ರಯಲ್ ರೂಮಿನ ಪರದೆ ದಾಟಬಾರದು ಎನ್ನುವುದು ಅವಳ ಶಿಸ್ತು. ಮಗಳ ಮೈಯನ್ನೂ ಆ ಪರದೆಯೊಳಗೇ ಇಟ್ಟಳು.

ಹದಿನಾರಾದರೂ ನಾನು ದೊಡ್ಡವಳಾಗದಿದ್ದಾಗ ಅಮ್ಮ ನನ್ನನ್ನು ನಮ್ಮ ಗುರುತಿನವರು ಯಾರೂ ಇಲ್ಲದ ಊರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ನರೆಗೂದಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ಇದರ ಹೆಸರು ಟರ್ನರ್ ಸಿಂಡ್ರೋಮ್. ಹೆಣ್ಣುಮಕ್ಕಳಿಗೆ ಎರಡು ಇರಬೇಕಾದ ಎಕ್ಸ್ ಕ್ರೋಮೋಸೋಮು ನಿನಗೆ ಒಂದೇ ಇದೆ. ವಂಶದಿಂದ ಬಂದದ್ದಲ್ಲ, ಯಾರು ಮಾಡಿದ್ದೂ ಅಲ್ಲ, ಸುಮ್ಮನೆ ಹೀಗೆ ಆಗುತ್ತದೆ. ಮಾತ್ರೆ ತೆಗೆದುಕೊಂಡರೆ ತಿಂಗಳು ತಿಂಗಳು ಮುಟ್ಟಾಗುತ್ತದೆ. ಮಕ್ಕಳಾಗುವುದು ಮಾತ್ರ ಕಷ್ಟ.

ಅಲ್ಲಿಗೆ ಅಮ್ಮನ ಕಿವಿ ಮುಚ್ಚಿತು. ಡಾಕ್ಟರಮ್ಮ ಹೃದಯದ ಬಗ್ಗೆ ಹೇಳುತ್ತಲೇ ಇದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ನಿನ್ನಂಥವರಲ್ಲಿ ಕೆಲವರಿಗೆ ದುರ್ಬಲವಾಗಿರುತ್ತದೆ, ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು, ಎದೆಯಲ್ಲೋ ಬೆನ್ನಲ್ಲೋ ಹರಿದ ಹಾಗೆ ನೋವು ಬಂದರೆ ಓಡಿಬರಬೇಕು, ಮೊದಲು ಈ ಹೆಸರು ಹೇಳಬೇಕು. ಇಷ್ಟೂ ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ: “ಡಾಕ್ಟ್ರೇ, ಹೊರಗಿಂದ ನೋಡಿದ್ರೆ ಗೊತ್ತಾಗುತ್ತಾ?”

ಸ್ಕ್ಯಾನನ್ನು ಒಂದು ಸಲ ಮಾಡಿಸಿದೆವು, ಯಾವುದಕ್ಕೆಂದು ಅಮ್ಮ ಕೇಳಲಿಲ್ಲ. ಆಮೇಲೆ “ಅಲ್ಲಿ ಯಾರಾದ್ರೂ ನಮ್ಮನ್ನ ನೋಡಿಬಿಟ್ರೆ?” ಎಂದು ಅಮ್ಮ ನಿಲ್ಲಿಸಿದಳು.

ಅಮ್ಮನನ್ನು ಕೆಟ್ಟವಳು ಎಂದುಕೊಳ್ಳಬೇಡಿ. ಹಾಲಿನ ಬೂತಿನವರ ಮಗಳಿಗೆ ಏನಾಯಿತು ಎಂದು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. ಅವಳಿಗೆ ಗರ್ಭಕೋಶವೇ ಇಲ್ಲವೆಂದು ಮದುವೆಯಾದ ಮೇಲೆ ಗೊತ್ತಾಯಿತು. ವಾಪಸ್ ಕಳಿಸಿದರು. ಬೀದಿಯಲ್ಲಿ ಆ ಸುದ್ದಿಗೆ ಬಾಲ ಬೆಳೆಯಿತು, ಮೀಸೆ ಬೆಳೆಯಿತು, ಕೊನೆಗೆ “ಅದು ಹೆಣ್ಣೇ ಅಲ್ಲವಂತೆ” ಎಂಬಲ್ಲಿಗೆ ಬಂದು ನಿಂತಿತು. ‘ಅವಳು’ ಹೋಗಿ ‘ಅದು’ ಆಯಿತು. ಅಲ್ಲಿಯವರೆಗೆ ಅವಳ ಕೈಗೆ ಕೂಸು ಕೊಟ್ಟು ಹಾಲು ತೆಗೆದುಕೊಳ್ಳುತ್ತಿದ್ದ ಹೆಂಗಸರು ಕೂಸನ್ನು ಇನ್ನೊಂದು ಕಂಕುಳಿಗೆ ಸರಿಸತೊಡಗಿದರು. ಅವಳ ಬೆನ್ನಿಗೆ ಹುಟ್ಟಿದವಳನ್ನು ಯಾರೂ ಕೇಳಲು ಬರಲಿಲ್ಲ. ನನ್ನ ಬೆನ್ನಿಗೂ ತಂಗಿ ಇದ್ದಳು. ಅಮ್ಮ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಹಾಕಿಸಿದಳು. ನಾನೂ ಖುಷಿಯಿಂದಲೇ ಹಾಕಿಕೊಂಡೆ, ಸುಳ್ಳೇಕೆ ಹೇಳಲಿ. ‘ಅದು’ ಆಗುವುದಕ್ಕಿಂತ ಗುಂಡುಸೂಜಿಯೇ ಮೇಲು.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್. ಮಾತು ಕಮ್ಮಿ, ಕೆಲಸ ಜಾಸ್ತಿ. ಗಾಳಿಗೆ ತಂತಿ ಬಿದ್ದರೆ ಎಲ್ಲರೂ ಹಿಂದೆ ಸರಿಯುವಾಗ ಇವರು ಮುಂದೆ ಹೋಗುವವರು. ಆ ಮನೆಯಲ್ಲಿ ನಾನು ಹೆದರುತ್ತಿದ್ದದ್ದು ಅತ್ತೆಗೆ ಎಂದುಕೊಂಡಿದ್ದೆ. ಅತ್ತೆ ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ ಲಾಂಡ್ರಿ ನಡೆಸುತ್ತಿದ್ದರು. ಬಟ್ಟೆ ಮೂಸಿ ನೋಡಿ ಮನುಷ್ಯನ ಜಾತಕ ಹೇಳುವವರು. “ಮೇಷ್ಟ್ರು ಸಿಗರೇಟು ಬಿಟ್ಟಿದ್ದಾರಂತೆ. ಅವರ ಶರ್ಟಿಗೆ ಇನ್ನೂ ವಿಷಯ ಗೊತ್ತಾಗಿಲ್ಲ,” ಎಂದು ನಗುತ್ತಿದ್ದರು. ಮನೆಯ ಬಟ್ಟೆಯೂ ಅವರ ಕೈಯಲ್ಲೇ. ಯಾವ ಕಲೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದಕ್ಕೇ ನನಗೆ ಮಾತ್ರೆ ತಪ್ಪುವಂತಿರಲಿಲ್ಲ. ಅಂಗಡಿಯಲ್ಲಿ ಹುಕ್ಕುಗಳ ಡಬ್ಬಿಯ ತಳದಲ್ಲಿ ಬಚ್ಚಿಡುತ್ತಿದ್ದೆ. ಹತ್ತಿರದ ಮೆಡಿಕಲ್ ಶಾಪಿನವನು ಗಂಡನ ಜೊತೆ ಇಸ್ಪೀಟು ಆಡುವವನು, ಅಲ್ಲಿ ಕೊಳ್ಳುವ ಹಾಗಿಲ್ಲ. ಲೈನಿಂಗ್ ಬಟ್ಟೆ ತರುವ ನೆಪದಲ್ಲಿ ಊರಿನ ಆ ತುದಿಗೆ ಹೋಗಬೇಕು. ಶಾಲೆಗಳು ಶುರುವಾಗುವ ಸಮಯ, ಯೂನಿಫಾರಂ ರಾಶಿ ಬಿದ್ದಿತ್ತು, ಹೋಗಲಾಗಲಿಲ್ಲ. ಮಾತ್ರೆ ನಿಂತಿತು. ಮುಟ್ಟೂ ನಿಂತಿತು.

ಅತ್ತೆ ಏನೂ ಕೇಳಲಿಲ್ಲ. ಒಂದು ದಿನ ನನ್ನ ಕೈಯಿಂದ ಬಕೆಟ್ ಕಸಿದುಕೊಂಡರು. ಇನ್ನೊಂದು ದಿನ ಮಗನಿಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿದರು. ಇಸ್ತ್ರಿ ಮಾಡುತ್ತಾ ಏನೋ ಗುನುಗತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಪ್ರೀತಿಯನ್ನು ತಡೆದುಕೊಳ್ಳಲಾಗಲಿಲ್ಲ.

ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕತ್ತರಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು.

“ಒಳ್ಳೇದೇ ಆಯ್ತು ಬಿಡು,” ಎಂದಳು. “ಅವರು ಅಂದ್ಕೊಂಡಿದ್ರೆ ಅಂದ್ಕೊಳ್ಳಲಿ. ನೀನು ಹೂಂ ಅನ್ನಬೇಡ, ಉಹೂಂ ಅನ್ನಬೇಡ.”

“ಆಮೇಲೆ? ಹೊಟ್ಟೆ ಬರಬೇಕಲ್ಲಮ್ಮಾ?”

“ಅಲ್ಲೀವರೆಗೆ ಯಾರು ಬಿಡ್ತಾರೆ? ಇನ್ನೊಂದು ತಿಂಗಳಿಗೆ ಇಳಿದುಹೋಯ್ತು ಅಂತ ಅತ್ತುಬಿಡು. ಅಳೋ ಹೆಣ್ಣನ್ನ ಯಾರೂ ಏನೂ ಕೇಳಲ್ಲ. ಒಂದು ಸಲ ನಿಂತಿತ್ತು ಅಂದ್ರೆ ಸಾಕು, ನಾಳೆ ಬಂಜೆ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ. ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕಲ್ವಾ? ಆಮೇಲೆ ದಾರ ಎಳೆದು ಬಿಸಾಕ್ತೀವಿ. ಇದೂ ಹಾಗೇ.”

ಹೇಸಿಗೆಯಾಯಿತು. ಜೊತೆಗೆ, ನನ್ನಮ್ಮನ ತಲೆಯೇ ತಲೆ ಎಂದೂ ಅನಿಸಿತು. ಅಂಥ ಹೆದರಿಕೆಯಲ್ಲಿ ಯಾರು ಹಗ್ಗ ಎಸೆದರೂ ಹಿಡಿದುಕೊಳ್ಳುತ್ತೇವೆ. ನಾನೂ ಹಿಡಿದುಕೊಂಡೆ.

ಈಗ ಆ ದಿನಕ್ಕೆ ಬರುತ್ತೇನೆ. ನೀರು ಕುಡಿದು ಲೋಟ ಇಡುವಷ್ಟರಲ್ಲಿ ನೋವು ಮತ್ತೆ ಬಂತು, ಈ ಸಲ ಬೆನ್ನಿನಿಂದ ಸೊಂಟದ ಕಡೆಗೆ ಇಳಿಯಿತು. ಬೆವರು ಕಿತ್ತುಕೊಂಡು ಬಂತು. ಕೈತೊಳೆಯುವ ತೊಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡೆ. ಪಕ್ಕದ ಬೀಗ ರಿಪೇರಿಯವನು ಒಳ್ಳೆಯ ಮನಸ್ಸಿನಿಂದಲೇ ಲಾಂಡ್ರಿಗೆ ಓಡಿಹೋಗಿ ಸುದ್ದಿ ಮುಟ್ಟಿಸಿದ. ಅತ್ತೆ ಸೋಪಿನ ಕೈಯಲ್ಲೇ ಬಂದರು. ತೊಟ್ಟಿ ನೋಡಿದರು, ನನ್ನನ್ನು ನೋಡಿದರು, ಮುಖ ಇಷ್ಟಗಲವಾಯಿತು.

“ಬೀಗರೇ, ಇನ್ನೂ ಬಾಯಿ ಬಿಡಲ್ವಾ ನೀವು? ನನ್ನ ಹತ್ರಾನೇ ಗುಟ್ಟಾ?” ಎಂದು ಅಮ್ಮನ ತೋಳು ಹಿಂಡಿದರು.

ಅಮ್ಮ ನಾಚಿದಂತೆ ನಕ್ಕಳು. ನನ್ನಮ್ಮ ಅಷ್ಟು ಚೆನ್ನಾಗಿ ನಟಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ.

“ಅತ್ತೇ, ಬೆನ್ನು ನೋವು... ಆಸ್ಪತ್ರೆಗೆ,” ಎಂದೆ. ಅಷ್ಟೇ ಹೊರಟಿತು.

ಮುಖ್ಯ ರಸ್ತೆಯ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅತ್ತೆ, ತಾವು ಬಸುರಿಯಾಗಿದ್ದಾಗ ಯಾವುದರ ವಾಸನೆ ಸೇರುತ್ತಿರಲಿಲ್ಲ ಎಂದು ಹೇಳುತ್ತಿದ್ದರು. ನಾನು ಇಬ್ಬರ ನಡುವೆ ಕೂತು ಉಸಿರನ್ನು ಚೂರು ಚೂರೇ ಎಳೆದುಕೊಳ್ಳುತ್ತಿದ್ದೆ. ಪೂರ್ತಿ ಎಳೆದುಕೊಂಡರೆ ಒಳಗೆ ಉಳಿದ ಎಳೆಯೂ ಕಿತ್ತುಹೋಗುತ್ತದೆ ಎಂಬ ಹೆದರಿಕೆ.

ನರ್ಸಿಂಗ್ ಹೋಮಿನ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವರಿದ್ದಿರಬಹುದು. ಹಸಿರು ಬಣ್ಣ ಬಳಿದ ಪುಟ್ಟ ಕೋಣೆ, ಎತ್ತರದ ಮಂಚ, ಹತ್ತಲು ಕಬ್ಬಿಣದ ಮೆಟ್ಟಿಲು. ಬಲಗೈಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಹುಬ್ಬು ಗಂಟಾಯಿತು. ಎಡಗೈಗೆ ಸುತ್ತಿದರು.

“ಒಂದು ಕೈಗೆ ಒಂದು ಥರ ತೋರಿಸ್ತಿದೆ. ಸಿಸ್ಟರ್, ಬೇರೆ ಮೆಷಿನ್ ಕೊಡಿ.”

ಬೇರೆಯದೂ ಹಾಗೆಯೇ ತೋರಿಸಿತು. ಅವರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕಾಲರ್ ಬಿಚ್ಚಲು ಸಿಸ್ಟರ್ ಕೈ ಹಾಕಿದಾಗ ಅಮ್ಮ “ಅವಳಿಗೆ ಚಳಿ” ಎಂದು ನಡುವೆ ಬಂದಳು.

“ಎದೆಗೆ ಒಂದು ಸಿಟಿ ಸ್ಕ್ಯಾನ್ ಮಾಡೋಣ ಅನ್ಸುತ್ತೆ,” ಎಂದರು ಡಾಕ್ಟರು.

“ಸ್ಕ್ಯಾನಾ?” ಅತ್ತೆಯ ದನಿ ಏರಿತು. “ಹೊಟ್ಟೇಲಿರೋದಕ್ಕೆ ಏನೂ ಆಗಲ್ವಾ ಡಾಕ್ಟ್ರೇ?”

“ಬಸುರೀನಾ ಇವರು?”

ಡಾಕ್ಟರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅಮ್ಮ. “ಹೂಂ, ಎರಡು ತಿಂಗಳು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮೊದಲೇ ಹೇಳಬಾರದಾ? ಹಾಗಾದ್ರೆ ಈಗ ಮೆಷಿನ್ ಒಳಗೆ ಹಾಕೋದು ಬೇಡ. ರಕ್ತ ತಗೊಂಡು ಹೊರಗಡೆ ಲ್ಯಾಬಿಗೆ ಕಳಿಸ್ತೀನಿ, ನೋವು ಯಾಕೆ ಅಂತ ನಾಳೆ ಬೆಳಿಗ್ಗೆ ಗೊತ್ತಾಗುತ್ತೆ. ವಾಂತಿ, ಗ್ಯಾಸ್ಟ್ರಿಕ್‌ಗೂ ಹೀಗೆ ನೋವು ಬರೋದುಂಟು. ಒಂದು ಮಾತ್ರೆ ಕೊಡ್ತೀನಿ, ಮನೇಲಿ ಮಲಗಲಿ. ಮೊದಲಿಂದ ಬೇರೆ ಏನಾದ್ರೂ ಕಾಯಿಲೆ ಇದೆಯಾ?”

“ಏನೇನೂ ಇಲ್ಲ,” ಎಂದಳು ಅಮ್ಮ. “ಒಂದು ದಿನ ಜ್ವರ ಅಂತ ಮಲಗಿದವಳಲ್ಲ.”

ಹೇಳುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಹೆಬ್ಬೆರಳಿನಿಂದ ಒತ್ತಿದಳು. ಗಿರಾಕಿ ಎದುರಿಗಿರುವಾಗ ನಾನು ಬಾಯಿ ತೆರೆಯಬಾರದು ಎನ್ನುವುದಕ್ಕೆ ಅಂಗಡಿಯಲ್ಲಿ ಹಾಗೆಯೇ ಒತ್ತುತ್ತಿದ್ದಳು.

ಅಷ್ಟರಲ್ಲಿ ಗಂಡ ಬಂದರು. ಸೊಂಟಕ್ಕೆ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು. ಅತ್ತೆ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ನನ್ನ ಕಡೆ ನೋಡಿದರು. ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಬೇರೆ ಯಾರೂ ನಂಬಲಿಕ್ಕಿಲ್ಲ, ಆದರೆ ನಾನು ಮನೆಗೆ ಹೊರಡಲು ಸಿದ್ಧಳಾದೆ. ಕಬ್ಬಿಣದ ಮೆಟ್ಟಿಲಿಳಿದು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೆ. ಸಾಯುವ ಹೆದರಿಕೆ ಇತ್ತು, ಇರಲಿಲ್ಲ ಎಂದಲ್ಲ. ಮೈಯೆಲ್ಲ ಅದೇ ಇತ್ತು. ಆದರೆ ಸಾವು ಹೇಗಿರುತ್ತದೋ ನನಗೆ ಗೊತ್ತಿರಲಿಲ್ಲ. ಹಾಲಿನ ಬೂತಿನವರ ಮಗಳು ಹೇಗಿರುತ್ತಾಳೆಂದು ಗೊತ್ತಿತ್ತು. ಎದುರಿಗೆ ಮುಖವರಳಿಸಿಕೊಂಡು ನಿಂತಿದ್ದ ಗಂಡ ನನ್ನನ್ನು ‘ಅದು’ ಎಂದು ನೋಡುವುದಕ್ಕಿಂತ, ಒಂದು ಮಾತ್ರೆ ನುಂಗಿ ಮನೆಯಲ್ಲಿ ಮಲಗುವುದೇ ಸುಲಭ ಎನಿಸಿತು. ಬೆಳಿಗ್ಗೆ ಏನಾದರಾಗಲಿ.

ಇನ್ನೊಂದು ಚಪ್ಪಲಿಗೆ ಕಾಲಿಟ್ಟೆ. ಕಾಲು ಗೊತ್ತಾಗಲಿಲ್ಲ. ಎಡಗಾಲು ಸೊಂಟದಿಂದ ಕೆಳಗೆ ಜೋಮು ಹಿಡಿದು, ಬೇರೆ ಯಾರದ್ದೋ ಕಾಲಿನಂತಾಗಿತ್ತು. ಮಂಚದ ಅಂಚು ಹಿಡಿದುಕೊಂಡೆ. ನಾಳೆ ಬೆಳಿಗ್ಗೆ ಎನ್ನುವುದು ನನಗಿಲ್ಲ ಎಂದು ಆಗ ಗೊತ್ತಾಯಿತು. ಯೋಚನೆ ಮಾಡಿದ್ದಲ್ಲ, ಸುಮ್ಮನೆ ಗೊತ್ತಾಯಿತು. ಜೀವ ಬಾಯಿಗೆ ಬಂತು, ಅದರ ಜೊತೆ ಮಾತೂ ಬಂತು.

“ಡಾಕ್ಟ್ರೇ, ನಾನು ಬಸುರಿ ಅಲ್ಲ.”

ಇನ್ನೊಂದು ಕೈಯ ಮೇಲೆ ಅಮ್ಮನ ಹೆಬ್ಬೆರಳು ಮೂಳೆ ಮುರಿಯುವಷ್ಟು ಒತ್ತಿತು.

“ಆಗೋದೂ ಇಲ್ಲ. ನನಗೆ ಟರ್ನರ್ ಸಿಂಡ್ರೋಮ್ ಇದೆ. ಮಾತ್ರೆ ತಗೊಂಡ್ರೆ ಮಾತ್ರ ಮುಟ್ಟಾಗೋದು. ಮಾತ್ರೆ ಬಿಟ್ಟಿದ್ದೆ. ಹೃದಯದ ದೊಡ್ಡ ನಾಳ ಹರೀಬಹುದು ಅಂತ ಆಗಲೇ ಹೇಳಿದ್ರು. ಅದೇ ಇದು. ಸ್ಕ್ಯಾನ್ ಮಾಡಿ.”

ನಾನು ಗಂಡನ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

“ನೋವಿಗೆ ಏನೇನೋ ಬಡಬಡಿಸ್ತಿದ್ದಾಳೆ ಡಾಕ್ಟ್ರೇ,” ಎಂದಳು ಅಮ್ಮ. ಮೆತ್ತಗೆ, ನಗುನಗುತ್ತಾ, ನನ್ನ ಹಣೆಯ ಬೆವರು ಒರೆಸುತ್ತಾ ಹೇಳಿದಳು. “ಎಲ್ಲೋ ಓದಿದ್ದನ್ನ ತಲೇಲಿ ತುಂಬ್ಕೊಂಡಿದ್ದಾಳೆ. ಚೊಚ್ಚಲು ನೋಡಿ, ಹೆದರಿಕೆ. ಹೆತ್ತವಳಿಗೆ ಗೊತ್ತಿರಲ್ವಾ?”

ಆ ಕ್ಷಣವನ್ನು ನಾನು ಈಗಲೂ ಮರೆತಿಲ್ಲ. ಡಾಕ್ಟರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಮ್ಮನನ್ನು ನೋಡಿದರು. ಒಂದು ಕಡೆ ಬೆವರಿ ಒದ್ದೆಯಾಗಿ ತೊದಲುವ ಗಿಡ್ಡ ಹೆಂಗಸು, ಇನ್ನೊಂದು ಕಡೆ ಸಮಾಧಾನವಾಗಿ ನಿಂತ ಅವಳ ತಾಯಿ. ಅವರ ಜಾಗದಲ್ಲಿ ನಾನಿದ್ದರೂ ಅಮ್ಮನನ್ನೇ ನಂಬುತ್ತಿದ್ದೆ. ಇಷ್ಟಕ್ಕೂ ಅಮ್ಮ ನನ್ನನ್ನು ಕೊಲ್ಲಲು ಹೊರಟಿರಲಿಲ್ಲ. ಉಳಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದಳು.

“ಸ್ಕ್ಯಾನ್ ಮಾಡಿ ಡಾಕ್ಟ್ರೇ.”

ಹೇಳಿದ್ದು ಅತ್ತೆ. ಅವರ ಮುಖದ ಅಗಲವೆಲ್ಲ ಇಳಿದುಹೋಗಿತ್ತು. ತುಟಿ ಬಿಗಿದಿತ್ತು.

“ಬೀಗರೇ, ಅವಳು ಸುಮ್ನೆ...” ಎಂದು ಅಮ್ಮ ಶುರು ಮಾಡಿದಳು.

“ನೀವು ಸುಮ್ನಿರಿ ಟೈಲರಮ್ಮ.” ‘ಬೀಗರು’ ಹೋಗಿ ‘ಟೈಲರಮ್ಮ’ ಆಯಿತು. “ಡಾಕ್ಟ್ರೇ, ನಾನು ಓದಿದವಳಲ್ಲ. ಆದ್ರೆ ಒಂದು ಗೊತ್ತು. ಬಸುರಿ ಅಂತ ಸುಳ್ಳು ಹೇಳೋ ಹೆಂಗಸರನ್ನ ಬೇಕಾದಷ್ಟು ನೋಡಿದ್ದೀನಿ. ಗಂಡ, ಅತ್ತೆ ಇಬ್ಬರೂ ಎದುರಿಗೆ ನಿಂತಿರುವಾಗ ನನಗೆ ಮಕ್ಕಳಾಗಲ್ಲ ಅಂತ ಯಾವ ಹೆಂಗಸೂ ಸುಳ್ಳು ಹೇಳಲ್ಲ. ಎಂಥಾ ನೋವಲ್ಲೂ ಹೇಳಲ್ಲ. ಅವಳು ನಿಜಾನೇ ಹೇಳ್ತಿದ್ದಾಳೆ.”

ಕರುಣೆಯಿಂದ ಹೇಳಿದ್ದಲ್ಲ. ಹಳೇ ಕಲೆ ಯಾವುದು, ಹೊಸ ಕಲೆ ಯಾವುದು ಎಂದು ಹೇಳುವ ದನಿಯಲ್ಲೇ ಹೇಳಿದರು. ಡಾಕ್ಟರು ಸಿಸ್ಟರಿಗೆ ಟ್ರಾಲಿ ತರಲು ಹೇಳಿ, ತಾವೇ ಮುಂದೆ ಬಂದು ನನ್ನ ಕಾಲರಿನ ಗುಂಡಿ ಬಿಚ್ಚಿದರು. ಆ ಕಾಯಿಲೆಯ ಗುರುತಾದ ಅಗಲ ಕುತ್ತಿಗೆ ನೋಡಿದ ಮೇಲೆ ಅವರು ಮತ್ತೆ ಯಾರನ್ನೂ ಏನೂ ಕೇಳಲಿಲ್ಲ.

ಸ್ಕ್ಯಾನ್ ಮೆಷಿನ್ನಿನ ಒಳಗೆ ನನಗೆ ನೆನಪಿರುವುದು ಚಳಿ ಮಾತ್ರ. ಹೊರಗೆ ತಂದಾಗ ಡಾಕ್ಟರು ಫೋನಿನಲ್ಲಿ ಯಾರಿಗೋ ಬೇಗ ಬೇಗ ಹೇಳುತ್ತಿದ್ದರು. ಆಮೇಲೆ ನನ್ನ ತಲೆಯ ಹತ್ತಿರ ಬಗ್ಗಿದರು. “ದೊಡ್ಡ ನಾಳದ ಒಳಪದರ ಸೀಳಿದೆ. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ತಯಾರಿ ಮಾಡ್ತಿದ್ದಾರೆ. ಆಂಬುಲೆನ್ಸ್ ಬರ್ತಿದೆ. ಮನೆಗೆ ಹೋಗಿದ್ದಿದ್ರೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಅಮ್ಮ ಬೆಂಚಿನ ಮೇಲೆ ಕುಸಿದಳು. “ಹೃದಯದ ವಿಷಯ ನನಗೆ ಯಾರೂ ಹೇಳಲೇ ಇಲ್ಲವಲ್ಲ,” ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವಳ ಪಾಲಿಗೆ ಯಾರೂ ಹೇಳಿರಲೇ ಇಲ್ಲ.

ಅತ್ತೆ ಅವಳೆದುರು ಹೋಗಿ ನಿಂತರು. “ನೀವು ನಮಗೆ ಮಾಡಿದ ಮೋಸ ಇದೆಯಲ್ಲ, ಅದನ್ನ ನಾನು ಬಿಡಲ್ಲ. ಬೀದಿಯಲ್ಲಿ ನಿಂತು ಜಗಳ ಆಡ್ತೀನಿ. ಆದ್ರೆ ಇವಳು ವಾಪಸ್ ಬಂದ ಮೇಲೆ. ಈಗ ಏಳಿ, ಮುಖ ತೊಳ್ಕೊಳ್ಳಿ.”

ಟ್ರಾಲಿಯನ್ನು ಕಾರಿಡಾರಿನಲ್ಲಿ ಬಾಗಿಲ ಹತ್ತಿರ ತಂದು ನಿಲ್ಲಿಸಿದರು. ಗಂಡ ಪಕ್ಕಕ್ಕೆ ಬಂದರು. ಕಾಲರ್ ಬಿಚ್ಚಿಯೇ ಇತ್ತು, ಮುಚ್ಚಿಕೊಳ್ಳಲು ಕೈ ಎತ್ತಲಾಗಲಿಲ್ಲ. ಸಿಟ್ಟಿಗಾಗಿ ಕಾದೆ. ಇಲ್ಲವೇ ಅವರು ತಿರುಗಿ ಹೊರಟುಹೋಗುತ್ತಾರೆ ಎಂದು ಕಾದೆ. ಎರಡಕ್ಕೂ ತಯಾರಾಗಿದ್ದೆ.

“ನೋವು ಶುರುವಾದಾಗಲೇ ಇದು ಅದೇ ಅಂತ ನಿನಗೆ ಗೊತ್ತಿತ್ತಾ?” ಎಂದರು.

“ಹೂಂ.”

“ತಡ ಆದ್ರೆ ಜೀವ ಹೋಗುತ್ತೆ ಅಂತಾನೂ?”

“ಹೂಂ.”

“ಆದ್ರೂ ಚಪ್ಪಲಿ ಹಾಕ್ಕೊಂಡು ಮನೆಗೆ ಹೊರಟಿದ್ದೆ.” ಅವರು ಟ್ರಾಲಿಯ ಕಂಬಿ ಹಿಡಿದು ಬಗ್ಗಿದರು. “ಸಾಯೋದಕ್ಕಿಂತ ನನಗೇ ಜಾಸ್ತಿ ಹೆದರಿದ್ಯಾ ನೀನು?”

ಇಲ್ಲ ಎನ್ನಬಹುದಿತ್ತು. ಹಾಗೆಂದರೆ ಇಬ್ಬರಿಗೂ ಹಿತವಾಗುತ್ತಿತ್ತು, ನಮ್ಮ ಮನೆಯಲ್ಲಿ ನಾನು ಕಲಿತದ್ದೂ ಅದನ್ನೇ. ಆದರೆ ಆ ದಿನ ನನ್ನೊಳಗೆ ಇನ್ನೊಂದು ಸುಳ್ಳಿಗೆ ಜಾಗವಿರಲಿಲ್ಲ.

“ಹೌದು,” ಎಂದೆ.

ಯಾವ ತಂತಿಗೂ ಹಿಂದೆ ಸರಿಯದ ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು. ಆಂಬುಲೆನ್ಸಿನವರು ಬಂದು, “ಜೊತೆಗೆ ಒಬ್ಬರೇ ಬರಬೇಕು, ಯಾರು ಬರ್ತೀರಿ?” ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡು, ಅಲ್ಲಿದ್ದ ಮೂವರಲ್ಲಿ ಯಾರು ಬಾಯಿ ಬಿಡುತ್ತಾರೆಂದು ಕೇಳಿಸಿಕೊಳ್ಳುತ್ತಾ ಮಲಗಿದ್ದೆ.